ಬಾಗಿಲ ಕಡೆ ತಿರುಗುವವರು

ಮತ್ತೆ ಕ್ಲಾಸಿಗೆ ಹೋಗುವುದೆಂದು ತೀರ್ಮಾನ ಮಾಡಿದ ಮೇಲೆ ನನಗೆ ಭಯವಿರಲಿಲ್ಲ. ಬೆಳಿಗ್ಗೆ ಎದ್ದು ಸ್ನಾನ ಮಾಡಿ, ದೇವರ ಮುಂದೆ ಕುಳಿತು, ಎಂದಿನಂತೆ ಮನೆಯವರೆಲ್ಲರ ಹೆಸರು ಹೇಳಿ ಕೈಮುಗಿದೆ. ನನ್ನ ಓರಗಿತ್ತಿಯ ಹೆಸರನ್ನು ಈಗಲೂ ಅದೇ ಸಾಲಿನಲ್ಲಿ ಹೇಳುತ್ತೇನೆ. ಇರುವವರು ಇತ್ತ, ಹೋದವರು ಅತ್ತ ಎಂದು ವಿಂಗಡಿಸುವುದು ದೇವರ ಕೆಲಸ, ನನ್ನದಲ್ಲ. ಆಮೇಲೆ ಮಂಚದ ಕೆಳಗಿನಿಂದ ಬೂಟು ಎಳೆದು, ಧೂಳು ಒರೆಸಿ ಹಾಕಿಕೊಂಡು ಕೆಳಗಿಳಿದೆ.

ಮನೆ ಮೇಲೆ, ಅಂಗಡಿ ಕೆಳಗೆ. ನಮ್ಮದು ಲಾಂಡ್ರಿ. ಯಜಮಾನರು ವ್ಯಾನಿನಲ್ಲಿ ಬಟ್ಟೆ ತರುತ್ತಾರೆ, ಮೈದುನ ಒಗೆಯುವ ಯಂತ್ರಗಳನ್ನು ನೋಡಿಕೊಳ್ಳುತ್ತಾನೆ. ಇಸ್ತ್ರಿ ಮಾಡುವುದು, ಮಡಿಸುವುದು ನನ್ನ ಮತ್ತು ಮೈದುನನ ಹೆಂಡತಿಯ ಪಾಲಿನ ಕೆಲಸವಾಗಿತ್ತು. ಈಗ ನನ್ನದು. ಇಸ್ತ್ರಿಯನ್ನೇನೋ ಒಬ್ಬಳೇ ಮಾಡಬಹುದು. ಆದರೆ ಲಾಡ್ಜಿನಿಂದ ಬರುವ ದೊಡ್ಡ ಚಾದರಗಳನ್ನು ಮಡಿಸಲು ಇಬ್ಬರು ಬೇಕು: ಎರಡು ತುದಿ ಹಿಡಿದು ಎಳೆಯಬೇಕು, ಕೊಡವಬೇಕು, ಒಬ್ಬರ ಕಡೆಗೆ ಒಬ್ಬರು ನಡೆದು ಬಂದು ಕೈಗೆ ಕೈ ಸೇರಿಸಬೇಕು, ಮತ್ತೆ ಹಿಂದೆ ಸರಿಯಬೇಕು. ನಾವಿಬ್ಬರೂ ಮಾತಾಡುತ್ತಲೇ, ಚಾದರದ ಕಡೆ ನೋಡದೆಯೇ ಅದನ್ನು ಮಾಡುತ್ತಿದ್ದೆವು. ಮೈದುನ ಅಂದು ಒಬ್ಬನೇ ಒಂದು ತುದಿಯನ್ನು ಗದ್ದದ ಕೆಳಗೆ ಸಿಕ್ಕಿಸಿಕೊಂಡು ಹೆಣಗುತ್ತಿದ್ದ.

"ಅತ್ತಿಗೆ, ಈ ತುದಿ ಹಿಡೀರಿ ಸ್ವಲ್ಪ."

ಹಿಡಿದೆ. ನಾನು ಮುಂದೆ ಬಂದಾಗ ಅವನು ಹಿಂದೆ ಸರಿದ. ನಾನು ನಿಂತಾಗ ಅವನು ಬಂದ.

"ಯಂತ್ರದ ಹೊಟ್ಟೆ ಬಗೆದು ರಿಪೇರಿ ಮಾಡ್ತೀಯ, ಒಂದು ಚಾದರ ಮಡಿಸೋಕೆ ಬರಲ್ವಲ್ಲೋ," ಎಂದೆ.

"ಯಂತ್ರ ನನ್ನನ್ನ ಬೈಯಲ್ಲ, ಅತ್ತಿಗೆ." ಅವನ ಕಣ್ಣು ನನ್ನ ಬೂಟಿನ ಮೇಲೆ ಬಿತ್ತು. "ಹೊರಟಿರಾ? ಒಬ್ರೇನಾ?"

"ಯಾಕೆ, ನೀನು ಬರ್ತೀಯಾ? ಅಲ್ಲಿ ಕುಣಿಸ್ತಾರೆ."

"ಬೇಡಪ್ಪಾ. ಇಲ್ಲಿ ನೀವು ಕುಣಿಸ್ತಿರೋದೇ ಸಾಕು." ನಕ್ಕ. ಆಮೇಲೆ ಚಾದರವನ್ನು ಸವರುತ್ತ, "ಅವಳಿಗೆ ಆ ಕ್ಲಾಸು ಕಷ್ಟ ಆಗ್ತಿತ್ತು, ಅಲ್ವಾ?" ಎಂದ. "ಸೇರಿದ ಹೊಸತರಲ್ಲಿ ಅಂಗಡಿ ಮುಚ್ಚಿದ ಮೇಲೆ ಇಸ್ತ್ರಿ ಮೇಜಿನ ಹಿಂದೆ ಒಬ್ಬಳೇ ತಿರುಗೋದು. ಅಯ್ಯೋ ತಪ್ಪಾಯ್ತು ಅನ್ನೋದು, ಮತ್ತೆ ತಿರುಗೋದು. ಬಟ್ಟೆ ಒಣಗಿಸೋ ಸ್ಟ್ಯಾಂಡಿಗೆ ಎಷ್ಟು ಸಲ ಡಿಕ್ಕಿ ಹೊಡೆದಿದ್ದಾಳೋ."

"ಅವಳಿಗೆ ಕಷ್ಟವಾ? ಟೀಚರ್ ಒಂದು ಸಲ ಮಾಡಿ ತೋರಿಸಿದರೆ ಅವಳಿಗೆ ಬಂತು ಅಂತಲೇ ಲೆಕ್ಕ. ನೀನು ಕನಸು ಕಂಡಿರಬೇಕು," ಎಂದು ಹೇಳಿ ಹೊರಟೆ.

ನಾನು ಹೇಳಿದ್ದು ನಿಜವೇ. ಆ ವ್ಯಾಯಾಮದ ಕ್ಲಾಸಿಗೆ ನನ್ನನ್ನು ಎಳೆದುಕೊಂಡು ಹೋದವಳೇ ಅವಳು. "ಅಕ್ಕಾ, ದಿನವಿಡೀ ಕಂಬದ ಹಾಗೆ ನಿಂತು ಇಸ್ತ್ರಿ ಮಾಡ್ತೀವಿ. ಕಾಲಿಗೆ ಅದು ಬಿಟ್ಟು ಬೇರೆ ಏನಾದರೂ ಗೊತ್ತಾಗಲಿ" ಎಂದಳು. ಒಬ್ಬೊಬ್ಬರ ಮುಂದೆ ಒಂದೊಂದು ಗಿಡ್ಡ ಹಲಗೆ. ಅದರ ಎರಡು ತುದಿಯ ಕೆಳಗೆ ಎತ್ತರಕ್ಕೆಂದು ಇಡುವ ದಿಮ್ಮಿಗಳು. ಹಾಡಿನ ತಾಳಕ್ಕೆ ಸರಿಯಾಗಿ ಹತ್ತುವುದು, ಇಳಿಯುವುದು, ದಾಟುವುದು, ತಿರುಗುವುದು. ಮೊದಲ ದಿನ ನನಗೆ ಎಡ ಯಾವುದು ಬಲ ಯಾವುದು ಎನ್ನುವುದೇ ಮರೆತುಹೋಯಿತು. ಟೀಚರ್ ನಮಗೆ ಎದುರಾಗಿ ನಿಂತು ಮಾಡುತ್ತಿದ್ದರು, ಅದನ್ನು ನೋಡಿದರೆ ಇನ್ನೂ ಗೊಂದಲ. ಆಗ ಓರಗಿತ್ತಿ, "ಅಕ್ಕಾ, ಟೀಚರನ್ನ ಬಿಡಿ. ನನ್ನ ಹಿಂದೆ ನಿಲ್ಲಿ, ನನ್ನ ಹಿಮ್ಮಡಿ ನೋಡಿ" ಎಂದಳು. ಅಂದಿನಿಂದ ಬಾಗಿಲ ಪಕ್ಕದ ತುದಿಯಲ್ಲಿ ಅವಳು ಮುಂದೆ, ನಾನು ಹಿಂದೆ. ಟೀಚರಿಗೆ ನಾನು ದೊಡ್ಡಕ್ಕ, ಅವಳು ಚಿಕ್ಕಕ್ಕ; ಕ್ಲಾಸಿನವರು ನಮ್ಮನ್ನು ಜೋಡೆತ್ತು ಎಂದು ಕರೆಯುತ್ತಿದ್ದರು. "ಜೋಡೆತ್ತು ಬಂತು, ಇನ್ನು ಹೊಲ ಉಳೋಣ" ಎಂದು ಯಾರಾದರೂ ಹೇಳದೆ ಕ್ಲಾಸು ಶುರುವಾಗುತ್ತಿರಲಿಲ್ಲ.

ಪ್ರತಿ ಆವರ್ತನೆಯ ಕೊನೆಗೆ ಹಲಗೆಯ ಮೇಲೆ ಒಂದು ಪೂರ್ತಿ ತಿರುವು ಇತ್ತು. ಎಲ್ಲರೂ ಕಿಟಕಿಯ ಕಡೆ ತಿರುಗುತ್ತಿದ್ದರು, ನಾವಿಬ್ಬರು ಮಾತ್ರ ಬಾಗಿಲ ಕಡೆ. ಯಾಕೆಂದು ಕೇಳಿದ್ದೆ. "ತುದಿಯಲ್ಲಿ ನಿಂತವರು ಬಾಗಿಲ ಕಡೆ ತಿರುಗಬೇಕು ಅಕ್ಕಾ, ಅದೇ ಇಲ್ಲಿಯ ಪದ್ಧತಿ" ಎಂದಿದ್ದಳು. ಪದ್ಧತಿ ಎಂದ ಮೇಲೆ ನಾನು ಯಾವುದನ್ನೂ ಎರಡನೆಯ ಸಲ ಕೇಳುವವಳಲ್ಲ.

ಅವಳಿಗೆ ಒಂದು ಜ್ವರ ಬಂತು. ಆಸ್ಪತ್ರೆಗೆ ನಡೆದುಕೊಂಡೇ ಹೋದಳು, ನಡೆದು ಬರಲಿಲ್ಲ. ನನಗಿಂತ ಚಿಕ್ಕವಳು. ಕೊಟ್ಟವನು ಕರೆದುಕೊಂಡ ಎಂದು ಬಾಯಿ ಹೇಳುತ್ತದೆ. ಮನಸ್ಸು ಅದರ ಹಿಂದೆ ನಿಧಾನವಾಗಿ ಬರುತ್ತಿದೆ.

ಹಿಂದಿನ ವಾರ, ಮತ್ತೆ ಬರುತ್ತೇನೆಂದು ಟೀಚರಿಗೆ ಫೋನು ಮಾಡಿದಾಗ ಅವರು ಬಹಳ ಸಂತೋಷಪಟ್ಟರು. ಆಮೇಲೆ ಸ್ವರ ತಗ್ಗಿಸಿ, "ದೊಡ್ಡಕ್ಕಾ, ಇನ್ನು ಮೇಲೆ ನೀವು ಕುರ್ಚಿ ಕ್ಲಾಸಿಗೆ ಬಂದರೆ ಒಳ್ಳೇದು" ಎಂದರು. ಕುರ್ಚಿ ಕ್ಲಾಸೆಂದರೆ ವಯಸ್ಸಾದವರು ಕುರ್ಚಿಯಲ್ಲಿ ಕುಳಿತು ಕೈ ಎತ್ತುವುದು, ಪಾದ ಆಡಿಸುವುದು. ಅದನ್ನು ಹೀಗಳೆಯುವುದಿಲ್ಲ. ಆದರೆ ಕುಳಿತು ಮಾಡುವುದಕ್ಕೆ ನನಗೆ ದೇವರ ಧ್ಯಾನವಿದೆ. ಅವಳು ನನಗೆ ಕಲಿಸಿ ಬಿಟ್ಟುಹೋದದ್ದು ಹತ್ತಿ ಇಳಿಯುವುದನ್ನು. ಅದೊಂದನ್ನೂ ಬಿಟ್ಟುಕೊಟ್ಟರೆ ಅವಳದೆಂದು ನನ್ನ ಬಳಿ ಉಳಿಯುವುದೇನು?

"ಟೀಚರಮ್ಮ, ಒಂದು ದಿನ ನೋಡಿ," ಎಂದಿದ್ದೆ. "ಹೆಜ್ಜೆ ತಪ್ಪಿದರೆ ನಾನೇ ಕುರ್ಚಿ ಎಳ್ಕೊಂಡು ಕೂರ್ತೀನಿ."

ಕ್ಲಾಸಿನ ಹಾಲ್ ಹಾಗೆಯೇ ಇತ್ತು: ಉದ್ದಕ್ಕೆ ಕಿರಿದಾದ ಕೋಣೆ, ಒಂದು ಕಡೆ ಕಿಟಕಿಗಳ ಸಾಲು, ಇನ್ನೊಂದು ಕಡೆ ಬಾಗಿಲು, ರಬ್ಬರಿನ ವಾಸನೆ. ಒಳಗೆ ಕಾಲಿಟ್ಟಾಗ ಯಾರೂ ಜೋಡೆತ್ತು ಎನ್ನಲಿಲ್ಲ. ಹಳಬರಲ್ಲಿ ನರ್ಸಮ್ಮ ಬಂದು ಕೈ ಹಿಡಿದುಕೊಂಡಳು. ಬ್ಯಾಂಕಿನಾಕೆ, "ಅಕ್ಕಾ, ಇಳಿದುಹೋಗಿದ್ದೀರಿ" ಎಂದಳು.

"ನೀನು ಏರಿದ್ದೀಯಲ್ಲ, ಸಮ ಆಯ್ತು ಬಿಡು," ಎಂದೆ. ಎಲ್ಲರೂ ನಕ್ಕರು. ಅಷ್ಟು ಹೊತ್ತು ಹೇಗೆ ನಗಬೇಕೆಂದು ತಿಳಿಯದೆ ನಿಂತಿದ್ದರು ಪಾಪ.

ನಮ್ಮ ಜಾಗದಲ್ಲಿ ಹೊಸಬಳೊಬ್ಬಳು ನಿಂತಿದ್ದಳು. ಬೇಕರಿಯಲ್ಲಿ ಕೆಲಸ ಮಾಡುವ ಹುಡುಗಿಯಂತೆ. ಟೀಚರ್ ನನ್ನ ಹಲಗೆಯನ್ನು ನಡುವೆ, ನರ್ಸಮ್ಮನ ಪಕ್ಕದಲ್ಲಿ ಹಾಕಿದ್ದರು. ಅದರ ಕೆಳಗೆ ದಿಮ್ಮಿಗಳಿರಲಿಲ್ಲ, ಹಲಗೆ ನೆಲಕ್ಕೆ ಅಂಟಿಕೊಂಡಿತ್ತು. ನಾನು ಮೂಲೆಗೆ ಹೋಗಿ ದಿಮ್ಮಿಗಳನ್ನು ತಂದು ಸಿಕ್ಕಿಸಿದೆ. ಟೀಚರ್ ಅದನ್ನು ನೋಡಿ, ಹಾಡು ಹಾಕಲು ಹೋದರು.

ಹಾಡು ಶುರುವಾಯಿತು.

ಮುಂದೆ ನೋಡಲು ಅವಳ ಹಿಮ್ಮಡಿ ಇರಲಿಲ್ಲ. ನೀಲಿ ಪಟ್ಟಿಯ ಆ ಬೂಟು, ಎಡಗಡೆ ಹೆಚ್ಚು ಸವೆದದ್ದು, ನನಗೆ ಕಣ್ಣು ಮುಚ್ಚಿದರೂ ಕಾಣುತ್ತಿತ್ತು. ಹಾಗೆಯೇ ನೋಡಿದೆ. ಕಾಲು ತಾನಾಗಿ ಎದ್ದಿತು. ಹತ್ತಿದೆ, ಇಳಿದೆ, ಹಲಗೆಯನ್ನು ದಾಟಿದೆ, ಮಂಡಿ ಎತ್ತಿದೆ. ಒಂದೂ ಮರೆತಿರಲಿಲ್ಲ! ಉಸಿರು ಏರಿತು, ಬೆವರು ಕಿವಿಯ ಹಿಂದೆ ಇಳಿಯಿತು, ಮೈಯೊಳಗೆ ಎಷ್ಟೋ ದಿನಗಳಿಂದ ಮುದುಡಿ ಬಿದ್ದಿದ್ದ ಏನೋ ಇಸ್ತ್ರಿಯ ಬಿಸಿಗೆ ಬಂದ ಬಟ್ಟೆಯಂತೆ ಬಿಚ್ಚಿಕೊಂಡಿತು. ಟೀಚರ್ ನನ್ನನ್ನೇ ಗಮನಿಸುತ್ತಿದ್ದರು. ನೋಡಲಿ ಎಂದು ಇನ್ನೂ ಚುರುಕಾಗಿ ಹತ್ತಿದೆ.

ಕೊನೆಯ ತಿರುವು ಬಂತು. ಎಲ್ಲರೂ ಕಿಟಕಿಯ ಕಡೆ ತಿರುಗಿದರು. ನಾನು ಬಾಗಿಲ ಕಡೆ ತಿರುಗಿ ನರ್ಸಮ್ಮನ ಭುಜಕ್ಕೆ ಭುಜ ಬಡಿದೆ. ಅವಳು ಹಲಗೆಯಿಂದ ಇಳಿದು ನಿಂತಳು, ನಾನು ಅವಳನ್ನು ಹಿಡಿದು ನಿಂತೆ.

"ಎತ್ತು ಏರಿಗೆ, ಕೋಣ ನೀರಿಗೆ," ಎಂದಳು ಬ್ಯಾಂಕಿನಾಕೆ.

"ಕೋಣ ಯಾರು ಅಂತ ಹೇಳಿಬಿಡಿ ಮತ್ತೆ," ಎಂದು ನರ್ಸಮ್ಮ ಭುಜ ನೀವಿಕೊಂಡಳು.

ಟೀಚರ್ ಹಾಡು ನಿಲ್ಲಿಸಿ ನನ್ನ ಬಳಿ ಬಂದರು. ನನಗೆ ನಾಚಿಕೆಯೇನೂ ಆಗಿರಲಿಲ್ಲ. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗಲ್ಲ ಟೀಚರಮ್ಮ. ನೀವು ನನ್ನ ಜಾಗ ಬದಲಾಯಿಸಿದ್ದೀರಿ. ತುದಿಯಲ್ಲಿ ನಿಂತವರು ಬಾಗಿಲ ಕಡೆ ತಿರುಗಬೇಕಲ್ಲ? ನನಗೆ ಅದೇ ರೂಢಿ," ಎಂದೆ.

"ಯಾವ ತುದಿಯವರು?"

"ಯಾಕೆ, ತುದಿಯವರಿಗೆ ಹಾಗೆ ಪದ್ಧತಿ ಅಲ್ವಾ?"

ಟೀಚರ್ ಆ ಬೇಕರಿಯ ಹುಡುಗಿಯ ಕಡೆ ನೋಡಿದರು. ನಾನೂ ನೋಡಿದೆ. ಅವಳು ಬಾಗಿಲ ಪಕ್ಕದ ತುದಿಯಲ್ಲೇ ಇದ್ದಳು. ಕಿಟಕಿಯ ಕಡೆ ತಿರುಗಿ ನಿಂತಿದ್ದಳು.

"ಹಾಗೇನೂ ಇಲ್ಲ ದೊಡ್ಡಕ್ಕಾ," ಎಂದರು ಟೀಚರ್ ಮೆಲ್ಲಗೆ. "ಅದು ನಿಮ್ಮಿಬ್ಬರಿಗೆ ಮಾತ್ರ. ಚಿಕ್ಕಕ್ಕ ಮೊದಲ ವಾರವೇ ನನ್ನ ಹತ್ರ ಬಂದು ಕೇಳಿಕೊಂಡಿದ್ರು. 'ನಮ್ಮಕ್ಕ ಒಂದು ಸಲ ಅಂಗಡೀಲಿ ಒದ್ದೆ ನೆಲದ ಮೇಲೆ ಬಿದ್ದು ಬಲಮಂಡಿ ಹಾಳುಮಾಡಿಕೊಂಡಿದ್ದಾರೆ. ಕಿಟಕಿ ಕಡೆ ತಿರುಗಿದರೆ ಭಾರ ಎಲ್ಲಾ ಅದೇ ಮಂಡಿ ಮೇಲೆ ಬೀಳುತ್ತೆ. ಹೇಳಿದರೆ ಒಪ್ಪೋ ಪೈಕಿ ಅಲ್ಲ. ಆದರೆ ನಾನು ಹೇಗೆ ತಿರುಗಿದರೆ ಹಾಗೇ ತಿರುಗ್ತಾರೆ. ನಮ್ಮನ್ನ ತುದಿಗೆ ಹಾಕಿಬಿಡಿ' ಅಂದ್ರು. ಈಗ ಅವರಿಲ್ಲ. ನಿಮ್ಮ ಮಂಡಿ ಯಾರು ನೋಡ್ತಾರೆ ಅಂತ ಭಯ ನನಗೆ. ಅದಕ್ಕೇ ಕುರ್ಚಿ ಅಂದಿದ್ದು."

ಮೈದುನ ಕನಸು ಕಂಡಿರಲಿಲ್ಲ. ಎಲ್ಲರೂ ಒಂದು ಕಡೆ ತಿರುಗುವಾಗ ತಾನೊಬ್ಬಳು ಇನ್ನೊಂದು ಕಡೆ ತಿರುಗುವುದು ಅವಳಿಗೂ ಕಷ್ಟವೇ ಆಗಿತ್ತು. ಸರಿಯಾಗಿ ಕಲಿತದ್ದನ್ನು ಮರೆತು ತಿರುಗುಮುರುಗಾಗಿ ಕಲಿಯಲು, ದಿನದ ಕೆಲಸ ಮುಗಿಸಿ ಆ ಇಸ್ತ್ರಿ ಮೇಜಿನ ಹಿಂದೆ ಸ್ಟ್ಯಾಂಡಿಗೆ ಡಿಕ್ಕಿ ಹೊಡೆಯುತ್ತಿದ್ದಳು. ನನ್ನ ಮಂಡಿಗಾಗಿ. ಅದಕ್ಕೆ ಏನೂ ಆಗಿಲ್ಲವೆಂದು ನಾನು ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದ ಮಂಡಿಗಾಗಿ.

ಒಂದು ಗಳಿಗೆ ಹಳೆಯ ಹಟ ತಲೆ ಎತ್ತಿತು. ಕಿಟಕಿಯ ಕಡೆ ಒಮ್ಮೆ ತಿರುಗಿ ತೋರಿಸಿಬಿಡಲೇ? ಹಲ್ಲು ಕಚ್ಚಿದರೆ ಆಗುತ್ತಿತ್ತು. ಕುರ್ಚಿಯ ಮಾತು ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಒಬ್ಬಳು ಇಷ್ಟು ಕಾಲ ಸದ್ದಿಲ್ಲದೆ ಕಾಪಾಡಿಕೊಟ್ಟದ್ದನ್ನು ಒಂದು ಬೆಳಗಿನ ಜಂಬಕ್ಕೆ ಮುರಿದುಕೊಂಡರೆ, ನಾಳೆ ದೇವರ ಮುಂದೆ ಅವಳ ಹೆಸರನ್ನು ಯಾವ ಬಾಯಲ್ಲಿ ಹೇಳಲಿ?

"ಟೀಚರಮ್ಮ," ಎಂದೆ, ಎಲ್ಲರಿಗೂ ಕೇಳುವ ಹಾಗೆ. "ನನ್ನ ಬಲಮಂಡಿ ಸರಿಯಿಲ್ಲ."

ನರ್ಸಮ್ಮ ಬಾಯಿ ತೆರೆದಳು. ಅವಳು ನನಗೆ ಎಷ್ಟೋ ಸಲ ಡಾಕ್ಟರಿಗೆ ತೋರಿಸಿ ಎಂದು ಹೇಳಿ ಬೈಸಿಕೊಂಡವಳು. "ದೇವರೇ, ಇವತ್ತು ಸೂರ್ಯ ಯಾವ ಕಡೆ ಹುಟ್ಟಿದ?" ಎಂದಳು.

"ಸೂರ್ಯ ಕಿಟಕಿ ಕಡೆಯೇ ಹುಟ್ಟಿದ್ದಾನೆ, ನಾನು ಬಾಗಿಲ ಕಡೆ ತಿರುಗ್ತೀನಿ," ಎಂದು ಹೇಳಿ ಟೀಚರ ಕಡೆ ತಿರುಗಿದೆ. "ಹೆಜ್ಜೆ ತಪ್ಪಿದರೆ ಕುರ್ಚಿ ಅಂತ ಮಾತು ಕೊಟ್ಟಿದ್ದೆ. ನೀವೇ ಹೇಳಿ. ತಪ್ಪಿದೆನಾ?"

ಟೀಚರ್ ನನ್ನ ಮಂಡಿಯನ್ನೊಮ್ಮೆ ನೋಡಿದರು. ನನ್ನ ಮಗಳ ವಯಸ್ಸಿನ ಹೆಂಗಸು, ಕಣ್ಣು ತುಂಬಿಕೊಂಡಿತ್ತು. "ಇಲ್ಲ. ಅವರು ಕಲಿಸಿದ್ದನ್ನ ಒಂದೂ ಬಿಡದೆ ಮಾಡಿದ್ರಿ."

"ಹಾಗಾದರೆ ಅವಳ ಜಾಗ ನನಗೆ ಕೊಡಿ. ಬಾಗಿಲ ಪಕ್ಕದ್ದು. ಅಲ್ಲಿ ನಾನು ಹೇಗೆ ತಿರುಗಿದರೂ ಗೋಡೆಗೆ ಬಿಟ್ಟು ಬೇರೆ ಯಾರಿಗೂ ತೊಂದರೆ ಇಲ್ಲ. ಡಾಕ್ಟರಿಗೂ ತೋರಿಸ್ತೀನಿ, ನರ್ಸಮ್ಮನೇ ಕರ್ಕೊಂಡು ಹೋಗಲಿ."

"ನೋವಾದರೆ ಹೇಳ್ತೀರಾ?"

"ಹೇಳ್ತೀನಿ. ಇವತ್ತು ಅಭ್ಯಾಸ ಆಯ್ತಲ್ಲ."

ಟೀಚರ್ ಬಗ್ಗಿ ನನ್ನ ಹಲಗೆಯ ಒಂದು ತುದಿ ಹಿಡಿದರು, ನಾನು ಇನ್ನೊಂದು ತುದಿ ಹಿಡಿದೆ. ಇಬ್ಬರೂ ಎತ್ತಿಕೊಂಡು ಹೋಗಿ ಬಾಗಿಲ ಪಕ್ಕ ಇಟ್ಟೆವು. ದಿಮ್ಮಿಗಳನ್ನು ಅವರೇ ಸಿಕ್ಕಿಸಿದರು. ಬೇಕರಿಯ ಹುಡುಗಿ ತಾನಾಗಿ ತನ್ನ ಹಲಗೆಯನ್ನು ಹಿಂದಕ್ಕೆ, ಮೊದಲು ನಾನು ನಿಲ್ಲುತ್ತಿದ್ದ ಕಡೆಗೆ ಎಳೆದುಕೊಂಡಳು.

ಹಾಡು ಮತ್ತೆ ಶುರುವಾಯಿತು. ಹತ್ತಿದೆ, ಇಳಿದೆ, ದಾಟಿದೆ. ಮುಂದೆ ಯಾರ ಹಿಮ್ಮಡಿಯೂ ಇರಲಿಲ್ಲ, ಬೇಕಾಗಲೂ ಇಲ್ಲ. ತಿರುವು ಬಂದಾಗ ಬಾಗಿಲ ಕಡೆ ತಿರುಗಿದೆ, ಮಂಡಿ ಮಿಸುಕಲಿಲ್ಲ. ಮುಂದಿನವಳನ್ನು ನೋಡಿ ತಿರುಗುವವಳು ಒಂದು ತಾಳ ತಡವಾಗಿ ತಿರುಗುತ್ತಾಳೆ; ಆ ಕ್ಷಣಕ್ಕೆ ಹಿಂದೆ ನಿಂತವಳ ಮುಖ ಪೂರ್ತಿ ಕಾಣುತ್ತದೆ. ನನ್ನ ಓರಗಿತ್ತಿಗೆ ಇಷ್ಟು ಕಾಲ ನನ್ನ ಮುಖ ಹಾಗೆ ಕಂಡಿರಬೇಕು.

ಕಂಡದ್ದು ಬೇಕರಿಯ ಹುಡುಗಿಯ ಮುಖ. ಅವಳು ಹಲ್ಲು ಕಚ್ಚಿ, ನನ್ನ ಕಾಲನ್ನೇ ದಿಟ್ಟಿಸುತ್ತ, ನನ್ನ ಹಿಂದೆಯೇ ಬಾಗಿಲ ಕಡೆ ತಿರುಗುತ್ತಿದ್ದಳು.

"ಏ ಹುಡುಗಿ, ನಿನ್ನ ಮಂಡಿ ಗಟ್ಟಿಯಾಗಿದೆ ತಾನೆ?" ಎಂದು ಕೂಗಿದೆ.

"ಗಟ್ಟಿಯಾಗಿದೆ ದೊಡ್ಡಮ್ಮಾ!"

"ಹಾಗಾದರೆ ಕಿಟಕಿ ಕಡೆ ತಿರುಗು. ಟೀಚರನ್ನ ನೋಡು, ನನ್ನ ಹಿಮ್ಮಡಿ ನೋಡಬೇಡ!"