ಎರಡು ವರ್ಷದ ಎಬೆನ್

ಕೆಜಾಯ ಬರಿಟ್ ತನ್ನ ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಒಬ್ಬನೇ ಮಗ ಲೈಮನ್‌ನನ್ನು ಮಣ್ಣು ಮಾಡಿದಳು. ಅವನಿಗೆ ಮದುವೆಯಾಗಿರಲಿಲ್ಲ. ಅವನು ಬಿಟ್ಟುಹೋದದ್ದು ನಾಲ್ಕು ಪೆಟ್ಟಿಗೆ ಕಾಗದ. ಏಳು ವರ್ಷ ಕನೆಕ್ಟಿಕಟ್ಟಿನ ಊರೂರು ತಿರುಗಿ, ಹಳೆಯ ದಫ್ತರಗಳನ್ನು ನಕಲು ಮಾಡಿ, 1640ರಲ್ಲಿ ಅಮೆರಿಕಕ್ಕೆ ಬಂದು ಹಡಗಿನಿಂದಿಳಿದ ಜೊಸಾಯ ಬರಿಟ್‌ನಿಂದ ತನ್ನವರೆಗೆ ವಂಶವನ್ನು ಜೋಡಿಸಿದ್ದನು. ಮಗನಿಗೆ ಮಕ್ಕಳಿಲ್ಲ, ಪುಸ್ತಕವಾದರೂ ಅಚ್ಚಾಗಿ, ಅದರ ಮೇಲೆ ಅವನ ಹೆಸರು ಉಳಿಯಲಿ ಎಂದು ಅವಳು ದೇವರಲ್ಲಿ ಬೇಡುತ್ತಿದ್ದಳು. ಬೇಡಲು ಇನ್ನೇನೂ ಉಳಿದಿರಲಿಲ್ಲ.

ಅಚ್ಚು ಹಾಕಿಸಲು ಮುಂದೆ ಬಂದವನು ಗಂಡನ ತಮ್ಮನ ಮಗ ಹೋರೇಸ್. ಅದು ಅವನ ಹೆಂಡತಿ ಕಾರ್ನೀಲಿಯಳ ಆಸೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ಆ ವರ್ಷಗಳಲ್ಲಿ ಮೊದಲ ವಲಸಿಗರ ಸಂತತಿಯವರು ಸಂಘ ಕಟ್ಟಿಕೊಂಡು ಎದೆಗೆ ಪದಕ ಸಿಕ್ಕಿಸಿಕೊಳ್ಳುತ್ತಿದ್ದರು. ಸಂಘಕ್ಕೆ ಸೇರಬೇಕಾದರೆ ಪ್ರತಿ ತಲೆಮಾರಿನ ರಕ್ತಸಂಬಂಧಕ್ಕೂ ಪುರಾವೆ ಕೊಟ್ಟು, ಬೈಬಲ್ಲಿನ ಮೇಲೆ ಪ್ರಮಾಣ ಮಾಡಬೇಕಿತ್ತು.

ಮೇ ತಿಂಗಳಲ್ಲಿ ಮಗನ ಗೋರಿಗೆ ಹೂಗಿಡ ನೆಡಲು ಹೋದ ಕೆಜಾಯ, ಹಿರಿಯರ ಗೋರಿಗಳ ಮೇಲಿನ ಹುಲ್ಲನ್ನೂ ಕಿತ್ತಳು. ಮಣ್ಣಿನಲ್ಲಿ ಮುಕ್ಕಾಲು ಹೂತಿದ್ದ ಪುಟ್ಟ ಕಲ್ಲೊಂದು ಸಿಕ್ಕಿತು. ಜೊಸಾಯನ ಮೊಮ್ಮಗ ಎಬೆನ್, 1704ರಲ್ಲಿ ತೀರಿಕೊಂಡನು, ವಯಸ್ಸು ಎರಡು. ಲೈಮನ್ ಜೋಡಿಸಿದ ವಂಶದಲ್ಲಿ ಇದೇ ಎಬೆನ್ ಮದುವೆಯಾಗಿ ಒಂಬತ್ತು ಮಕ್ಕಳ ತಂದೆಯಾಗಿದ್ದನು.

ಅವಳಿಗೆ ಗಾಬರಿಯಾಗಲಿಲ್ಲ. ಹಿಂದಿನವರು ಸತ್ತ ಕೂಸಿನ ಹೆಸರನ್ನು ಮುಂದಿನ ಕೂಸಿಗೆ ಇಡುತ್ತಿದ್ದರು. ಅವಳ ಹೆಸರೂ ತೀರಿಹೋದ ಅಕ್ಕನದೇ. ಎರಡನೆಯ ಎಬೆನ್ ಹುಟ್ಟಿರಬೇಕು, ಲೈಮನ್ ಇಬ್ಬರನ್ನೂ ಒಬ್ಬನೆಂದು ತಿಳಿದಿರಬೇಕು. ತಾರೀಖು ತಿದ್ದಿದರಾಯಿತೆಂದು, ಲೈಮನ್ ನೋಡದೆ ಬಿಟ್ಟಿದ್ದ ಸ್ವಂತ ಊರಿನ ಚರ್ಚಿನ ದಾಖಲೆ ಪುಸ್ತಕವನ್ನು ತೆರೆಸಿದಳು.

ಎರಡನೆಯ ಎಬೆನ್ ಇದ್ದನು. ಆದರೆ ಆ ಮನೆಯಲ್ಲಿ ಹುಟ್ಟಿದವನಲ್ಲ. ದಿಕ್ಕಿಲ್ಲದ ಮಕ್ಕಳನ್ನು ದುಡಿಮೆಗೆಂದು ಮನೆಗಳಿಗೆ ಹಂಚುವ ಪದ್ಧತಿ ಊರಿನಲ್ಲಿತ್ತು. ಹಾಗೆ ಬಂದ ಮೂರು ವರ್ಷದ ಅನಾಥನಿಗೆ ಬರಿಟ್ ದಂಪತಿ ಸತ್ತ ಮಗನ ಹೆಸರಿಟ್ಟು ದೀಕ್ಷಾಸ್ನಾನ ಮಾಡಿಸಿದ್ದರು. ಲೈಮನ್, ಹೋರೇಸ್ ಎಲ್ಲ ಅವನ ಸಂತತಿ; ಜೊಸಾಯನ ರಕ್ತ ಇವರಲ್ಲಿ ಯಾರಲ್ಲೂ ಇರಲಿಲ್ಲ.

ಕೆಜಾಯ ಬರೆದು ತಂದಿದ್ದ ಆ ಪುಟದ ನಕಲನ್ನು ಓದಿದ ಕಾರ್ನೀಲಿಯ ಕೇಕಿನ ತಟ್ಟೆಯನ್ನು ಅವಳ ಕಡೆ ತಳ್ಳಿದಳು.

“ಇದನ್ನ ಯಾರಿಗೂ ತೋರಿಸಿಲ್ಲ ತಾನೆ, ದೊಡ್ಡತ್ತೆ?”

“ಇಲ್ಲಮ್ಮ.”

“ಹಾಗಾದ್ರೆ ಬಿಡಿ. ಎರಡು ವರ್ಷದ ಮಗೂನ ಗೋರಿ ಹುಡುಕಿಕೊಂಡು ಇಷ್ಟು ವರ್ಷದ ಮೇಲೆ ಯಾರು ಹೋಗ್ತಾರೆ?”

“ನಾನು ಹೋದೆನಲ್ಲ.”

“ನಿಮಗೆ ಬೇರೆ ಕೆಲಸ ಇಲ್ಲ, ಹೋದ್ರಿ. ಏಳು ವರ್ಷ ಹುಡುಕಿದ ಲೈಮನ್‌ಗೇ ಕಾಣಲಿಲ್ಲ. ಸತ್ತ ಮಗನ್ನ ದಡ್ಡ ಅಂತ ಊರಿಗೆಲ್ಲ ಸಾರ್ತೀರಾ?”

ಆ ಮಾತು ನಾಟಿತು. ಕೆಜಾಯ ಪಕ್ಕದಲ್ಲಿ ಕೂತಿದ್ದ ಹೋರೇಸನ ಮುಖ ನೋಡಿದಳು. ಅವನು ಪೈಪಿಗೆ ಹೊಗೆಸೊಪ್ಪು ತುಂಬುತ್ತ, ಪ್ರಮಾಣ ಮಾಡುವವನು ತಾನು, ಪಾಪ ಬಂದರೆ ತನಗೆ ಎಂದನು. ಪೆಟ್ಟಿಗೆಗಳು ಆಗಲೇ ಅವನ ಮನೆ ಸೇರಿದ್ದವು.

ಮೂರು ದಿನ ಅವಳು ಪ್ರಾರ್ಥಿಸಿದಳು. ಅಚ್ಚನ್ನು ತಡೆಯುವ ಬಲ ಅವಳಿಗಿರಲಿಲ್ಲ. ಲೈಮನ್ ತಪ್ಪಿದ್ದು ತಿಳಿಯದೆ. ಈಗ ಅವನ ಹೆಸರಿನಲ್ಲಿ ಹೊರಡುವುದು ತಿಳಿದೂ ತಿಳಿದೂ ಹೇಳಿದ ಸುಳ್ಳು. ಸತ್ತವನು ಎದ್ದು ಬಂದು ಅಲ್ಲವೆನ್ನಲಾರ. ನಾಲ್ಕನೆಯ ದಿನ ಅವಳು ಮತ್ತೆ ಹೋದಳು.

“ಲೈಮನ್ ಹೆಸರು ತೆಗೆದುಬಿಡು, ಕಾರ್ನೀಲಿಯ.”

“ಮೊದಲನೇ ಪುಟದಲ್ಲೇ ಹಾಕಿಸ್ತಿದೀವಿ. ನೀವು ಕೇಳಿದ್ದು ಅದೊಂದೇ ಅಲ್ವಾ?”

“ಹೂಂ. ಅದನ್ನೇ ತೆಗಿ.”

ಕಾರ್ನೀಲಿಯ ಎರಡನೆಯ ಸಲ ಒತ್ತಾಯ ಮಾಡಲಿಲ್ಲ.

ಕ್ರಿಸ್‌ಮಸ್ಸಿನ ಹೊತ್ತಿಗೆ ಪುಸ್ತಕ ಬಂದಿತು. ಚರ್ಮದ ಹೊದಿಕೆ, ಚಿನ್ನದ ಅಂಚು, ಸಂಗ್ರಹಿಸಿದವರು ಹೋರೇಸ್ ಬರಿಟ್. ಒಬ್ಬನೇ ಎಬೆನ್, ಒಂಬತ್ತು ಮಕ್ಕಳ ತಂದೆ. ಕೊನೆಯ ಪುಟಗಳಲ್ಲಿ ಲೈಮನ್ ಹೆಸರಿನ ಮುಂದೆ ಹುಟ್ಟಿದ ದಿನ, ಸತ್ತ ದಿನ, ಆಮೇಲೆ ‘ಸಂತಾನವಿಲ್ಲ’ ಎಂದಷ್ಟೇ ಇತ್ತು.

ಭಾನುವಾರ ಚರ್ಚಿನ ಬಾಗಿಲಲ್ಲಿ, ಊರಿಗೆ ಹೊಸಬರಾದ, ಪುಸ್ತಕದ ಸುದ್ದಿಯನ್ನಷ್ಟೇ ಕೇಳಿದ್ದ ಪಾದ್ರಿಗಳು ಅವಳ ಕೈ ಹಿಡಿದು, ಇಷ್ಟು ದೊಡ್ಡ ಕೆಲಸ ಮಾಡಿದ ಪುಣ್ಯಾತ್ಮ ಯಾರು ತಾಯಿ ಎಂದು ಕೇಳಿದರು.

“ಪುಸ್ತಕದ ಮೇಲೇ ಬರೆದಿದೆಯಲ್ಲ, ಸ್ವಾಮಿ,” ಎಂದು ಕೆಜಾಯ ಮೆಟ್ಟಿಲಿಳಿದಳು.