ಗುಳ್ಳೆ ಅಂದುಕೊಂಡ ಹಲ್ಲುಗಳು

ಟೈಲರ್ ನಮ್ಮ ಹಲ್ಲಿನ ಕ್ಲಿನಿಕ್ಕಿಗೆ ಮೂರನೇ ಸಲ ಬಂದಾಗ ಕುರ್ಚಿಯಲ್ಲಿ ಕೂರಲೇ ಇಲ್ಲ. ನಿಂತಲ್ಲೇ ಜೇಬಿನಿಂದ ಡಬ್ಬಿ ತೆಗೆದು ಡಾಕ್ಟರಮ್ಮನ ಮುಂದಿಟ್ಟರು. ಡಬ್ಬಿಯಲ್ಲಿ ನಾವು ಮಾಡಿಕೊಟ್ಟ ಗಾರ್ಡ್ ಇತ್ತು. ನಿದ್ದೆಯಲ್ಲಿ ಹಲ್ಲು ಕಡಿಯುವವರು ಮೇಲಿನ ಸಾಲಿಗೆ ತೊಡಿಸಿಕೊಂಡು ಮಲಗುವ ಹೊದಿಕೆ ಅದು.

“ಅಳತೆ ತಪ್ಪಿದೆ ಮೇಡಂ. ಬಲಗಡೆ ಹಿಂದೆ ಒತ್ತತ್ತೆ.”

ಡಾಕ್ಟರಮ್ಮ ಅವರ ಹಲ್ಲಿನ ಅಚ್ಚು ತರಿಸಿ, ಗಾರ್ಡನ್ನು ಅದರ ಮೇಲೆ ಕೂರಿಸಿ ತೋರಿಸಿದರು. ಒಂದು ಕೂದಲೂ ತೂರದ ಹಾಗೆ ಕೂತಿತು.

“ನೋಡಿ. ಎಲ್ಲಿ ತಪ್ಪಿದೆ?”

“ಅಚ್ಚಿಗೆ ಚೆನ್ನಾಗೇ ಇದೆ. ಹಾಗಾದ್ರೆ ಅದಕ್ಕೇ ತೊಡಿಸಿ ಮಲಗಿಸಿ,” ಅಂದರು ಟೈಲರ್. “ಮೂವತ್ತು ವರ್ಷದಿಂದ ಅಳತೆ ತಗೊಳ್ತಿದೀನಿ. ಅಂಗಿ ಕಂಕುಳಲ್ಲಿ ಹಿಡಿಯತ್ತೆ ಅಂದ್ರೆ ನಾನು ಗಿರಾಕಿ ಮೈಯನ್ನ ಬೈಯಲ್ಲ.”

ಡಾಕ್ಟರಮ್ಮನಿಗೆ ನಗು ಬರಲಿಲ್ಲ. ಹೊರಗೆ ಇನ್ನೂ ಒಂಬತ್ತು ಜನ ಕಾಯುತ್ತಿದ್ದರು. “ಕೂತ್ಕೊಳ್ಳಿ, ಇನ್ನೊಂದು ಚೂರು ಉಜ್ಜಿಕೊಡ್ತೀನಿ,” ಎಂದು ಮಷೀನಿನ ಕಡೆ ತಿರುಗಿದರು.

ಕಡಿದೂ ಕಡಿದೂ ಟೈಲರ್ ದವಡೆ ಬಿಗಿದುಹೋಗಿತ್ತು. ಬಾಯಿ ಎರಡು ಬೆರಳಿನಗಲಕ್ಕಿಂತ ಹೆಚ್ಚು ತೆರೆಯುತ್ತಿರಲಿಲ್ಲ. ಹಿಂದೆ ಏನಿದೆ ಎಂದು ಕಾಣುವುದೇ ಕಷ್ಟ. ನಾನು ಎಂಜಲು ಎಳೆಯುವ ಕೊಳವೆ ಹಿಡಿದು, ಪುಟ್ಟ ಕನ್ನಡಿಯಿಂದ ಕೆನ್ನೆ ಸರಿಸಿ, ದೀಪ ಓರೆ ಮಾಡಿದೆ. ಕೊನೆಯ ಎರಡು ದವಡೆ ಹಲ್ಲುಗಳ ನಡುವೆ, ಕೆನ್ನೆಯ ಕಡೆಗೆ, ಒಸಡಿನ ಅಂಚಿನಲ್ಲಿ ಅಕ್ಕಿಕಾಳಿನಷ್ಟು ಬೆಳ್ಳಗೆ ಏನೋ ಇತ್ತು. ತಿಂದದ್ದು ಸಿಕ್ಕಿಕೊಂಡಿರಬೇಕು ಎಂದು ಕನ್ನಡಿಯ ಅಂಚಿನಿಂದ ಮುಟ್ಟಿದೆ. ಅಲುಗಲಿಲ್ಲ. ಟಿಕ್ ಎಂದಿತು.

ಹಲ್ಲು.

ಅಚ್ಚು ಪಕ್ಕದಲ್ಲೇ ಇತ್ತು. ತಿರುಗಿಸಿ ನೋಡಿದೆ. ಆ ಜಾಗದಲ್ಲಿ ಹಲ್ಲಿರಲಿಲ್ಲ. ಬೇಳೆಯಗಲದ ಚಪ್ಪಟೆ ಗುರುತಿತ್ತು, ಚಾಕುವಿನಿಂದ ಕೆರೆದದ್ದು. ಆ ಚಾಕು ಹಿಡಿಯುವವಳು ಕ್ಲಿನಿಕ್ಕಿನಲ್ಲಿ ನಾನೊಬ್ಬಳೇ.

ರೋಗಿಯ ಬಾಯಿಂದ ಅಳತೆ ತೆಗೆದ ತಟ್ಟೆ ನನ್ನ ಕೈಗೆ ಬರುತ್ತದೆ. ಅದರೊಳಗೆ ಪ್ಲಾಸ್ಟರ್ ಸುರಿದು ಅಚ್ಚು ಮಾಡುವುದು ನನ್ನ ಕೆಲಸ. ಗಾರ್ಡ್ ತಯಾರಾಗುವುದು ಆ ಅಚ್ಚಿನ ಮೇಲೆಯೇ. ಅಳತೆಯ ಮಿಶ್ರಣದಲ್ಲಿ ಗಾಳಿ ಸೇರಿಕೊಂಡರೆ ಅಚ್ಚಿನ ಮೇಲೆ ಸಣ್ಣ ಗುಳ್ಳೆಗಳು ಏಳುತ್ತವೆ, ಅದರಲ್ಲೂ ಹಿಂದಿನ ಹಲ್ಲುಗಳ ಹತ್ತಿರ. ಸೇರಿದ ಮೊದಲ ವಾರವೇ ಡಾಕ್ಟರಮ್ಮ ಚಾಕು ಕೊಟ್ಟು, “ದುಂಡಗೆ ಎದ್ದು ನಿಂತದ್ದೆಲ್ಲ ಕೆರೆದುಬಿಡು” ಅಂದಿದ್ದರು. ನಾಲ್ಕು ವರ್ಷದಿಂದ ಕೆರೆಯುತ್ತಿದ್ದೇನೆ. ನನ್ನ ಅಚ್ಚುಗಳ ನಯವನ್ನು ಅವರು ಬಂದವರಿಗೆಲ್ಲ ತೋರಿಸುತ್ತಾರೆ.

ಟೈಲರ್ ಉಜ್ಜಿದ ಗಾರ್ಡ್ ತೆಗೆದುಕೊಂಡು, ಗೊಣಗುತ್ತ ಹೋದರು. ನಾನು ಬಾಯಿ ಬಿಡಲಿಲ್ಲ.

“ಏನೇ ಸುಣ್ಣ, ಮುಖ ಯಾಕೆ ಗೋಡೆ ಥರ ಆಗಿದೆ?” ಅಂದಳು ಕೌಂಟರಿನಲ್ಲಿ ಕೂರುವ ಅಕ್ಕ. ಕೈಗೆ ಸದಾ ಪ್ಲಾಸ್ಟರ್ ಮೆತ್ತಿಕೊಂಡಿರುವುದರಿಂದ ಅವಳು ನನಗಿಟ್ಟ ಹೆಸರು ಅದು. ಹೇಳಿದೆ.

“ಒಂದು ಹಲ್ಲು ತಾನೇ! ತೆಪ್ಪಗಿರು. ನಿನ್ನ ಮುಂಚೆ ಇದ್ದೋಳು ಎರಡು ಅಚ್ಚು ಒಡೆದಿದ್ದಕ್ಕೇ ಮನೆಗೆ ಹೋದಳು. ನೀನು ಹಲ್ಲನ್ನೇ ಮಾಯ ಮಾಡಿದೀಯ.”

ಒಂದೇ ಹಲ್ಲಾಗಿದ್ದರೆ ನಾನೂ ತೆಪ್ಪಗಿರುತ್ತಿದ್ದೆನೋ ಏನೋ. ಆದರೆ ಡಾಕ್ಟರಮ್ಮ ವರ್ಷದಿಂದ ಒಂದು ಲೆಕ್ಕದ ಹಿಂದೆ ಬಿದ್ದಿದ್ದರು. ಕಪಾಟಿನಲ್ಲಿರುವ ಸಾವಿರದ ಇನ್ನೂರು ಜನರ ಅಚ್ಚುಗಳನ್ನು ನೋಡಿ, ಯಾರಿಗೆ ಹೆಚ್ಚಿನ ಹಲ್ಲು ಹುಟ್ಟಿದೆ, ಎಲ್ಲಿ, ಯಾವ ಆಕಾರದಲ್ಲಿ ಎಂದು ಬರೆದಿಡುತ್ತಿದ್ದರು. ಹತ್ತೊಂಬತ್ತು ಜನ ಸಿಕ್ಕಿದ್ದರು. ಗಂಡಸರೇ ಜಾಸ್ತಿ. ಮೇಲಿನ ದವಡೆಯಲ್ಲೇ ಜಾಸ್ತಿ. ಎದುರಿನ ಎರಡು ದೊಡ್ಡ ಹಲ್ಲುಗಳ ಮಧ್ಯೆ ಗೂಟದಂತೆ ಮೂಡಿದವೇ ಹದಿನಾಲ್ಕು. ಶನಿವಾರ ದಂತವೈದ್ಯರ ಸಭೆಯಲ್ಲಿ ಓದುವುದಿತ್ತು. ಮೇಜು ಒರೆಸುವಾಗ ಆ ಹಾಳೆ ನೋಡಿದ್ದೆ: ‘ಹಿಂದಿನ ದವಡೆ ಹಲ್ಲುಗಳ ಬಳಿ ಹೆಚ್ಚುವರಿ ಹಲ್ಲು ನಮ್ಮ ರೋಗಿಗಳಲ್ಲಿ ತೀರ ಅಪರೂಪ. ಸಿಕ್ಕಿದ್ದು ಒಂದೇ.’

ಆ ಒಂದು ಅಚ್ಚು ನನಗೆ ಗೊತ್ತು. ನನ್ನ ಮುಂಚೆ ಇದ್ದವಳು ಮಾಡಿದ್ದು ಅದು.

ಮರುದಿನ ಬೆಳಿಗ್ಗೆ ಅತ್ತಿಗೆ ಅಣ್ಣನ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಳು. ಹತ್ತಿರ ಹೋಗಿ ನಿಂತೆ.

“ಡಾಕ್ಟರಮ್ಮನಿಗೆ ಒಂದು ವಿಷಯ ಹೇಳ್ಬೇಕು ಅತ್ತಿಗೆ. ಹೇಳಿದ್ರೆ ಕೆಲಸ ಹೋಗಬಹುದು.”

“ಹೇಳದಿದ್ರೆ?”

“ಒಬ್ಬರಿಗೆ ನೋವು ಹೋಗಲ್ಲ. ಆಮೇಲೆ ಡಾಕ್ಟರಮ್ಮ ಅಷ್ಟು ಜನರ ಮುಂದೆ ತಪ್ಪು ಓದ್ತಾರೆ.”

ಅತ್ತಿಗೆ ಇಸ್ತ್ರಿಪೆಟ್ಟಿಗೆ ಎತ್ತಿ ನಿಲ್ಲಿಸಿದಳು. “ಒಂಬತ್ತನೇ ಕ್ಲಾಸಿಗೇ ಸ್ಕೂಲು ಬಿಟ್ಟೋಳು ನೀನು. ಇನ್ನೊಂದು ಕೆಲಸ ಅಷ್ಟು ಸುಲಭಕ್ಕೆ ಸಿಗಲ್ಲ. ಅದು ಗೊತ್ತಲ್ವಾ?”

“ಗೊತ್ತು.”

“ಗೊತ್ತಿದ್ದೂ ಹೇಳ್ಬೇಕು ಅನ್ಸಿದ್ರೆ ನನ್ನನ್ಯಾಕೆ ಕೇಳ್ತೀಯ? ಹೋಗಿ ಹೇಳು. ಮೊದಲು ತಲೆ ಬಾಚ್ಕೋ.”

ಆ ಮಧ್ಯಾಹ್ನ ಊಟದ ಹೊತ್ತಿಗೆ ಕಪಾಟಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಏಣಿ ಹತ್ತಿ, ಕಳೆದ ನಾಲ್ಕು ವರ್ಷದ ಪೆಟ್ಟಿಗೆಗಳನ್ನು ಒಂದೊಂದಾಗಿ ಇಳಿಸಿದೆ. ಗುಳ್ಳೆಯಾದರೆ ಮಣಿಯಂತೆ ದುಂಡಗಿದ್ದು, ಬುಡ ಸಣ್ಣ. ಚಾಕು ತಾಗಿಸಿದರೆ ಹಾರಿಹೋಗುತ್ತದೆ, ಸೂಜಿಮೊನೆಯಷ್ಟು ಗುರುತು ಉಳಿಯುತ್ತದೆ. ಹಟ ಹಿಡಿದ ಕೆಲವನ್ನು ಗರಗಸದಂತೆ ಕೊಯ್ಯಬೇಕಾಗುತ್ತಿತ್ತು. ಅವು ಯಾಕೆ ಹಾಗೆ ಎಂದು ಒಂದು ದಿನವೂ ಯೋಚಿಸಿರಲಿಲ್ಲ. ಈಗ ಬೆರಳು ಸವರಿಕೊಂಡು ಅಗಲದ ಗುರುತುಗಳನ್ನಷ್ಟೇ ಹುಡುಕಿದೆ. ಮೂರು ಗಂಟೆಗೆ ಕೌಂಟರ್ ಅಕ್ಕ ಬಾಗಿಲು ಬಡಿದಳು. ತೆಗೆಯಲಿಲ್ಲ. ನಾಲ್ಕರ ಹೊತ್ತಿಗೆ ಟೈಲರದ್ದು ಬಿಟ್ಟು ಹನ್ನೊಂದು ಅಚ್ಚು ಸಿಕ್ಕವು.

ಹನ್ನೆರಡನ್ನೂ ತಟ್ಟೆಯಲ್ಲಿಟ್ಟುಕೊಂಡು ಡಾಕ್ಟರಮ್ಮನ ಕೋಣೆಗೆ ಹೋದೆ.

“ಎಲ್ಲಿ ಹೋಗಿದ್ದೆ? ಎರಡು ಅಳತೆ ಒಣಗಿ ಹಾಳಾಯ್ತು!”

“ಇವುಗಳಲ್ಲಿ ಹಲ್ಲಿತ್ತು ಮೇಡಂ. ನಾನು ಕೆರೆದುಬಿಟ್ಟಿದೀನಿ.”

ಮೊದಲು ಅವರಿಗೆ ಅರ್ಥವಾಗಲಿಲ್ಲ. ಟೈಲರ್ ಅಚ್ಚು ತೋರಿಸಿ, ಬಾಯಲ್ಲಿ ಕಂಡದ್ದನ್ನು ಹೇಳಿದೆ. ಅವರು ಗುರುತಿನ ಮೇಲೆ ಉಗುರು ಎಳೆದು ನೋಡಿದರು. ಮುಖ ಕೆಂಪಾಯಿತು.

“ನಿನ್ನೆ ನೋಡಿದ್ದು ಇವತ್ತು ಹೇಳ್ತಿದೀಯಾ? ವರ್ಷವೆಲ್ಲ ಕೂತು ಎಣಿಸಿದೀನಿ ನಾನು! ಕೆರೆಯೋಕೆ ಯಾರು ಹೇಳಿದ್ದು ನಿನಗೆ?”

“ನೀವೇ ಮೇಡಂ.” ನನ್ನ ದನಿ ನನಗೇ ಕೇಳಿಸಲಿಲ್ಲ. ಮತ್ತೆ ಹೇಳಿದೆ. “ದುಂಡಗೆ ಎದ್ದು ನಿಂತದ್ದೆಲ್ಲ ಕೆರಿ ಅಂದ್ರಿ. ಹಲ್ಲೂ ಹಾಗೆ ಇರತ್ತೆ ಅಂತ ಹೇಳಿರಲಿಲ್ಲ. ನಾನೂ ಕೇಳಲಿಲ್ಲ.”

ಡಾಕ್ಟರಮ್ಮ ತಟ್ಟೆಯಲ್ಲಿದ್ದ ಅಚ್ಚುಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದರು. ಆಮೇಲೆ, “ಉಳಿದ ಹನ್ನೊಂದೂ ಹಲ್ಲೇ ಅಂತ ಹೇಗೆ ಹೇಳ್ತೀಯ?” ಅಂದರು.

“ಹೇಳಕ್ಕಾಗಲ್ಲ. ಬಾಯಿ ನೋಡಬೇಕು.”

“ಇವತ್ತು ಬುಧವಾರ. ಯಾರು ಕರೆಸೋದು ಅವರನ್ನೆಲ್ಲ?”

“ನಾನೇ ಕರೆಸ್ತೀನಿ.”

“ನೀನು? ಫೋನ್ ಬಡ್ಕೊಂಡ್ರೆ ಎದ್ದು ಆಚೆ ಹೋಗೋಳು ನೀನು!” ಎಂದವರು ಅಚ್ಚುಗಳನ್ನು ನನ್ನ ಕಡೆ ತಳ್ಳಿದರು. “ಶುಕ್ರವಾರ ಸಂಜೆವರೆಗೆ ಟೈಮ್. ನಿನ್ನ ಕೆಲಸದ ವಿಷಯ ಆಮೇಲೆ ನೋಡೋಣ.”

ಮೊದಲ ಫೋನ್ ಟೈಲರ್‌ಗೆ ಮಾಡಿದೆ. ತಪ್ಪು ನನ್ನದು, ಇನ್ನೊಂದು ಸಲ ಬನ್ನಿ ಅಂದೆ. “ಈಗ ದಾರಿಗೆ ಬಂದ್ರಿ,” ಎಂದು ನಕ್ಕು, ಗುರುವಾರ ಬಾಗಿಲು ತೆಗೆಯುವ ಮುಂಚೆಯೇ ಬಂದು ನಿಂತಿದ್ದರು. ಡಾಕ್ಟರಮ್ಮ ದೀಪ ಹತ್ತಿರ ಎಳೆದು, ಅಕ್ಕಿಕಾಳಿನಂಥ ಹಲ್ಲನ್ನು ಕಣ್ಣಾರೆ ಕಂಡು, ಹೊಸ ಅಳತೆ ತೆಗೆದರು. ನನ್ನ ಕಡೆ ನೋಡಲಿಲ್ಲ.

ಉಳಿದವರನ್ನು ಕರೆಸುವುದು ಅಷ್ಟು ಸಲೀಸಾಗಲಿಲ್ಲ. ಒಬ್ಬರು ನಾನೇನೋ ಮಾರಲು ಫೋನ್ ಮಾಡಿದವಳು ಎಂದುಕೊಂಡರು. ಒಬ್ಬರ ಗಂಡ, “ಅವಳ ಬಾಯಲ್ಲಿ ಇರೋ ಹಲ್ಲೇ ಸಾಕು, ಇನ್ನೂ ಹೆಚ್ಚಿಗೆ ಹುಡುಕ್ಬೇಡಿ ತಾಯಿ,” ಅಂದರು. ಕಾಗದದ ಮೇಲೆ ಮಾತು ಬರೆದಿಟ್ಟುಕೊಂಡು ಓದಿದೆ. ಮೂರನೆಯ ಕರೆಗೆ ಕಾಗದ ಬೇಕಾಗಲಿಲ್ಲ. ಬಸ್ ಡ್ರೈವರ್ ಒಬ್ಬರು ಶುಕ್ರವಾರ ಮಧ್ಯಾಹ್ನ ಸಮವಸ್ತ್ರದಲ್ಲೇ ಬಂದು ಬಾಯಿ ತೆರೆದರು. “ಇದಾ? ಮೊದಲಿಂದಲೂ ಇದೆ. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.”

ಶುಕ್ರವಾರ ಸಂಜೆಗೆ ಟೈಲರ್ ಬಿಟ್ಟು ಏಳು ಜನ ಬಂದಿದ್ದರು. ಐವರಿಗೆ ಹಲ್ಲು. ಇಬ್ಬರದ್ದು ಬರೀ ಗುಳ್ಳೆ. ನಾಲ್ವರು ಬರಲೇ ಇಲ್ಲ.

ಡಾಕ್ಟರಮ್ಮ ಹಾಳೆಯಲ್ಲಿ ‘ತೀರ ಅಪರೂಪ’ ಎಂಬುದನ್ನು ಹೊಡೆದುಹಾಕಿದರು. ಒಂದು ಇದ್ದಲ್ಲಿ ಏಳು ಎಂದು ಬರೆದರು. ಪೆನ್ನು ಹಿಡಿದುಕೊಂಡೇ ಕೇಳಿದರು, “ಆ ನಾಲ್ಕಕ್ಕೆ ಏನಂತ ಬರೀಲಿ?”

“ಗೊತ್ತಿಲ್ಲ ಅಂತ ಬರೀರಿ.”

“ಅಷ್ಟು ಜನರ ಮುಂದೆ?”

“ಹೌದು ಮೇಡಂ. ಯಾಕೆ ಗೊತ್ತಿಲ್ಲ ಅಂತಾನೂ ಬರೀರಿ.”

ಅವರು ನನ್ನನ್ನು ದಿಟ್ಟಿಸಿ ನೋಡಿದರು. ಆಮೇಲೆ ನಿಧಾನವಾಗಿ, ಅಚ್ಚು ತಯಾರಿಸುವಾಗ ನಮ್ಮಿಂದಾದ ತಪ್ಪು ಎಂದು ನಾಲ್ಕು ಸಾಲು ಬರೆದರು. ‘ನಮ್ಮಿಂದ’ ಎಂದೇ ಬರೆದರು. ಹಾಳೆ ಮಡಚಿ ಚೀಲಕ್ಕಿಟ್ಟು ಎದ್ದರು.

“ಸೋಮವಾರ ಅರ್ಧ ಗಂಟೆ ಮುಂಚೆ ಬಾ. ಕೆರೆಯೋ ಮೊದಲು ಏನೇನು ನೋಡಬೇಕು ಅಂತ ಕೂತು ಹೇಳ್ತೀನಿ. ಈಗ ಮನೆಗೆ ಹೋಗು.”

“ಹೋಗ್ತೀನಿ ಮೇಡಂ. ಇನ್ನು ನಾಲ್ಕೇ ನಂಬರ್ ಇರೋದು.”

ಕೌಂಟರ್ ಅಕ್ಕ ಆಗಲೇ ಹೊರಟಿದ್ದಳು. ಅವಳ ಕುರ್ಚಿ ಎಳೆದುಕೊಂಡು ಕೂತೆ. ಎರಡು ಸಲ ಕರೆ ಕತ್ತರಿಸಿದ್ದ ಹೆಂಗಸಿನ ನಂಬರನ್ನೇ ಮೊದಲು ಒತ್ತಿದೆ.

“ಮತ್ತೆ ನೀನಾ?” ಅಂದರು ಆಕೆ.

“ಹೌದಮ್ಮ, ನಾನೇ. ಫೋನ್ ಇಡಬೇಡಿ. ಒಂದು ನಿಮಿಷ ನಾಲಿಗೆಯಿಂದ ಮೇಲಿನ ಕೊನೆ ಹಲ್ಲಿನ ಹೊರಗಡೆ ಸವರಿ ನೋಡಿ. ಏನಾದ್ರೂ ತಾಗತ್ತಾ? ಕಾಯ್ತೀನಿ.”