ಬರೆ ಬಿದ್ದ ಹೊಟ್ಟೆ

ತಿಕೋಟಾದ ದವಾಖಾನೆಯಲ್ಲಿ ಅಂದು ಕಾಲಿಡಲು ಜಾಗವಿರಲಿಲ್ಲ. ಬಿಜ್ಜರಗಿಯ ರುಕ್ಮವ್ವ ಕೂಸನ್ನು ಮೇಜಿನ ಮೇಲೆ ಮಲಗಿಸಿ ಅಂಗಿ ಎತ್ತಿದಳು. ಹೊಟ್ಟೆಯ ಮೇಲೆ ಎರಡು ಹಸಿ ಬರೆ. ತರಬೇತಿಗೆ ಬಂದು ಇನ್ನೂ ತಿಂಗಳಾಗದ ಡಾಕ್ಟರ್ ಸಿಕಂದರನ ನೆತ್ತಿಗೇರಿತು ಸಿಟ್ಟು.

"ಮನಷ್ಯಾರೋ ಕಟುಕರೋ ನೀವು? ಹಸಗೂಸಿಗೆ ಕಾಯ್ದ ಕಬ್ಬಿಣಾ ಇಡತೀರಿ!"

ನೆರೆದವರೆಲ್ಲ ತಿರುಗಿ ನೋಡಿದರು. ರುಕ್ಮವ್ವ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ನಡೆದೇಬಿಟ್ಟಳು.

ಹಿರಿಯ ಡಾಕ್ಟರ್ ಶಂಕರೆಪ್ಪ ಪಕ್ಕದಲ್ಲೇ ಇದ್ದರು. "ಹೊಟ್ಟಿ ಮ್ಯಾಲಿನ ಬರಿ ನೋಡಿದ್ರಿ. ಎದಿ ನೋಡಿದ್ರೇನು?"

ನೋಡಿದ್ದ. ಉಸಿರಿಗೊಮ್ಮೆ ಪಕ್ಕೆಲುಬುಗಳು ಒಳಗೆ ಸೆಳೆಯುತ್ತಿದ್ದವು. ನ್ಯುಮೋನಿಯಾ. ಕೊಡಬೇಕಿದ್ದ ಪೆನಿಸಿಲಿನ್ ತಟ್ಟೆಯಲ್ಲೇ ಉಳಿದಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮದ್ದಿಲ್ಲದೆ ಈ ರಾತ್ರಿ ಕೂಸು ಉಳಿಯುವುದು ಕಷ್ಟವೆಂದು ಅವನಿಗೆ ಗೊತ್ತಿತ್ತು. ಚೀಲ ಹೆಗಲಿಗೇರಿಸಿ ಸೈಕಲ್ ಹತ್ತಿದ.

ಬಿಜ್ಜರಗಿಯ ಆ ಮನೆಯ ಬಾಗಿಲಿಗೆ ಅಡ್ಡವಾಗಿ ನಿಂತವಳು ರುಕ್ಮವ್ವನ ಅತ್ತೆ ಸತ್ಯವ್ವ. "ಕಟುಕರ ಮನ್ಯಾಗ ಏನ್ ಕೆಲಸರಿ ಸಾಹೇಬ್ರ?"

ಒಳಗೆ ಒಲೆಯಲ್ಲಿ ಕಬ್ಬಿಣದ ಸಳಿಯೊಂದು ಆಗಲೇ ಕೆಂಪಗೆ ಕಾಯುತ್ತಿತ್ತು. ಕೂಸಿನ ನರಳಾಟ ಹೊರಗೂ ಕೇಳುತ್ತಿತ್ತು. ಸಿಕಂದರನ ಬಾಯಿಗೆ ಬೈಗುಳವೇ ಬಂತು. ನುಂಗಿಕೊಂಡು ಕಟ್ಟೆಯ ಮೇಲೆ ಕುಳಿತ.

"ತಪ್ಪಾತು ಯಮ್ಮಾ. ನಾಕು ಮಂದ್ಯಾಗ ಹಂಗ ಅನ್ನಬಾರದಿತ್ತು. ಒಂದು ಹೇಳ್ರಿ, ಏನ್ ನೋಡಿ ಬರಿ ಹಾಕತೀರಿ?"

ಮುದುಕಿ ಅನುಮಾನದಿಂದಲೇ ನೋಡಿದಳು. "ಪಕ್ಕಿ ಎಲಬಿನ ಕೆಳಗ ಕುಣಿ ಬೀಳತದ. ಮೂಗಿನ ಹೊಳ್ಳಿ ಅರಳತಾವ. ಮಲಿ ಬಿಡತದ. ನನ್ನ ನಾಕು ಮಕ್ಕಳು ಹಿಂಗ ಹ್ವಾದ್ವು. ಬರಿ ಹಾಕಿದ್ದೊಂದು ಉಳೀತು, ಅವನೇ ಈ ಕೂಸಿನ ಅಪ್ಪ. ಕೈಕಟ್ಟಿ ಕೂಡು ಅಂದ್ರ ಹೆಂಗ ಕೂಡ್ಲಿ ಯಪ್ಪಾ?"

ಸಿಕಂದರನಿಗೆ ನಾಚಿಕೆಯಾಯಿತು. ಇದೇ ಲಕ್ಷಣಗಳನ್ನು ಅವನು ಪುಸ್ತಕದಲ್ಲಿ ಓದಿ ಬಾಯಿಪಾಠ ಮಾಡಿದ್ದ. ಅವಳು ಮಕ್ಕಳನ್ನು ಮಣ್ಣಿಗಿಟ್ಟು ಕಲಿತಿದ್ದಳು.

"ನೀವು ನೋಡಿದ್ದು ಖರೇನ ಅದ. ಆದ್ರ ಸುಟ್ಟ ಗಾಯದ ನೋವಿಗೆ ಕೂಸು ಇನ್ನೂ ಸೋಲತದ. ಈ ಬ್ಯಾನಿಗೆ ಸೂಜಿ ಅದ. ಮಾಡ್ಲೇನ್ರಿ?"

ಸತ್ಯವ್ವ ಒಲೆ ನೋಡಿದಳು, ಕೂಸನ್ನು ನೋಡಿದಳು. ರುಕ್ಮವ್ವ ಕೂಸನ್ನು ಎತ್ತಿಕೊಂಡು ಬಾಗಿಲಿಗೆ ಬಂದಳು. ಕೊನೆಗೆ ಮುದುಕಿ ಸಳಿ ಎಳೆದು ನೀರಿಗೆ ಅದ್ದಿದಳು. "ಮಾಡ್ರಿ."

ಐದು ದಿನ ಅವನು ಸೈಕಲ್ ತುಳಿದ. ಆರನೆಯ ದಿನ ಕೂಸು ಮೊಲೆ ಹಿಡಿಯಿತು.

ಶ್ರಾವಣದಲ್ಲಿ ಸತ್ಯವ್ವ ನೆರೆಮನೆಯ ಮದೀನಾಬಿಯನ್ನೂ ಅವಳ ಕೂಸನ್ನೂ ಕರೆದುಕೊಂಡು ದವಾಖಾನೆಗೆ ಬಂದಳು. ಕೂಸಿಗೆ ಏದುಸಿರು. ಸಿಕಂದರ ಅಂಗಿ ಎತ್ತಿ ನೋಡಿದ. ಹೊಟ್ಟೆಯ ಮೇಲೆ ಒಂದು ಗೆರೆಯೂ ಇರಲಿಲ್ಲ. ಅವನು ಮುದುಕಿಗೆ ತನ್ನ ಕುರ್ಚಿ ಬಿಟ್ಟುಕೊಟ್ಟು ಕೇಳಿದ:

"ನೀವು ಏನ್ ಕಂಡ್ರಿ ಯಮ್ಮಾ, ಮೊದಲ ಅದನ್ನ ಹೇಳ್ರಿ."